ಗುಜರಿಯಿಂದ ಗಗನಕ್ಕೆ

ಹಳೇ ಯುದ್ಧವಿಮಾನಗಳ ಬಿಡಿಭಾಗ ಕೂಡಿಡುವ ಹುಚ್ಚಿರುವವರಲ್ಲಿ ಒಂದು ವಿಚಿತ್ರ ಉಂಟು. ಯಾರ ಕೈಗೆ ಏನೇ ಸಿಗಲಿ, ಅದು ಸ್ಪಿಟ್‌ಫೈರ್‌ನದೇ ಆಗಿರುತ್ತದೆ. ಮೂಟೆ ಹೊತ್ತು ಹೊತ್ತು ಸವೆದ ಡಕೋಟಾ ಸಾಗಣೆ ವಿಮಾನದ ಬೋಲ್ಟು ಸಿಕ್ಕಿತೆಂದು ಬೀಗಿದವರನ್ನು ನಾನಂತೂ ಕಂಡಿಲ್ಲ. ಹಾಗಾಗಿ ಶಿವಾಜಿನಗರದ ಗುಜರಿ ಸಾಲಿನಲ್ಲಿ ಕಣ್ಣಿಗೆ ಬಿದ್ದ ದುಂಡನೆಯ ಮೀಟರೊಂದನ್ನು ನಾನು ಸ್ಪಿಟ್‌ಫೈರ್‌ನದು ಎಂದು ತೀರ್ಮಾನಿಸಿದ್ದರಲ್ಲಿ ಅಸಹಜವೇನೂ ಇಲ್ಲ.

ಆಧಾರವಿಲ್ಲದೆ ತೀರ್ಮಾನಿಸುವವನು ನಾನಲ್ಲ. ಮೀಟರಿನ ಮುಖದ ಮೇಲೆ ನಟ್ಟನಡುವೆ ಸೊನ್ನೆ, ಎಡಕ್ಕೆ ಮೈನಸ್ 30, ಬಲಕ್ಕೆ ಪ್ಲಸ್ 30. ವಿಮಾನ ಇಳಿದರೆ ಮೈನಸ್, ಏರಿದರೆ ಪ್ಲಸ್. ಇನ್ನೇನು ಬೇಕು? ಸೊನ್ನೆಯ ಕೆಳಗೆ 'ಎ', 'ಎಂ' ಎಂದು ಎರಡು ಇಂಗ್ಲಿಷ್ ಅಕ್ಷರ, ಮುಂದಿನದು ಅಳಿಸಿಹೋಗಿತ್ತು. ಎರಡನೇ ಮಹಾಯುದ್ಧದ ಬ್ರಿಟಿಷ್ ವಿಮಾನಗಳ ಸಾಮಾನಿನ ಮೇಲೆ ಕಿರೀಟದ ಗುರುತಿನ ಜೊತೆಗೆ ಇವೇ ಎರಡು ಅಕ್ಷರ ಒತ್ತುತ್ತಿದ್ದರು, ಏರ್ ಮಿನಿಸ್ಟ್ರಿ ಎಂಬ ಅರ್ಥದಲ್ಲಿ. ಇದರ ಮೇಲೆ ಕಿರೀಟ ಕಾಣಲಿಲ್ಲ. ಸಾಮ್ರಾಜ್ಯವೇ ಹೋದ ಮೇಲೆ ಕಿರೀಟ ಎಲ್ಲಿ ಉಳಿಯುತ್ತದೆ ಎಂದು ನಾನೇ ಸಮಾಧಾನ ಹೇಳಿಕೊಂಡೆ.

"ಇದು ಮಿಲಿಟ್ರೀದಾ?" ಎಂದು ಅಂಗಡಿಯವನನ್ನು ಕೇಳಿದೆ.

ಅವನು ಒಮ್ಮೆ ಮೀಟರ್ ನೋಡಿದ, ಒಮ್ಮೆ ನನ್ನ ಮುಖ ನೋಡಿದ. "ನೀವು ಹೇಳಿದ್ಮೇಲೆ ಮಿಲಿಟ್ರೀದೇ ಸಾರ್" ಅಂದವನೇ ರೇಟು ಎರಡು ಪಟ್ಟು ಮಾಡಿದ. ಚೌಕಾಸಿ ಮಾಡಿದರೆ ಇತಿಹಾಸಕ್ಕೆ ಅವಮಾನ ಎಂದು ಕೇಳಿದಷ್ಟು ಕೊಟ್ಟೆ. ಪಾಪ ಅನ್ನಿಸಿತೋ ಏನೋ, ಮೂಲೆಯಲ್ಲಿ ಬಿದ್ದಿದ್ದ ಹಸಿರು ಬಳಿದ ತಗಡಿನ ಬ್ರಾಕೆಟ್ ಒಂದನ್ನು "ಇದೂ ಇಟ್ಕೊಳ್ಳಿ" ಎಂದು ಪುಕ್ಕಟೆಯಾಗಿ ಚೀಲಕ್ಕೆ ಹಾಕಿದ.

ಬೆಂಗಳೂರಿನ ಗುಜರಿಯಲ್ಲಿ ವಿಮಾನ ಹುಡುಕುವುದು ಪೂರ್ತಿ ಹುಚ್ಚುತನವೇನಲ್ಲ. ವಾಲ್‌ಚಂದ್ ಹೀರಾಚಂದ್ ಎಂಬ ಉದ್ಯಮಿ ಮೈಸೂರು ಸಂಸ್ಥಾನದ ಜೊತೆಗೂಡಿ 1940ರ ಡಿಸೆಂಬರಿನಲ್ಲಿ ಇಲ್ಲಿ ವಿಮಾನ ಕಾರ್ಖಾನೆ ಕಟ್ಟಿದರು, ಅದೇ ಇಂದಿನ ಎಚ್‌ಎಎಲ್. ಯುದ್ಧಕಾಲದಲ್ಲಿ ಅಮೆರಿಕನ್ನರ ವಿಮಾನಗಳು ಇಲ್ಲೇ ರಿಪೇರಿಯಾದವು. ಆಮೇಲೆ ನಡೆದದ್ದಂತೂ ನನ್ನಂಥವರ ತಲೆ ಕೆಡಿಸುವ ಕಥೆ. ಯುದ್ಧ ಮುಗಿದಾಗ ಬ್ರಿಟಿಷರು ಲಿಬರೇಟರ್ ಎಂಬ ನಾಲ್ಕು ಎಂಜಿನ್ನಿನ ಭಾರೀ ಬಾಂಬರುಗಳನ್ನು ಕಾನ್ಪುರದಲ್ಲಿ ಗುಡ್ಡೆ ಹಾಕಿ, ಮುಂದೆ ಯಾರೂ ಹಾರಿಸಬಾರದೆಂದು ಬೇಕೆಂದೇ ಕೆಡಿಸಿ ಬಿಟ್ಟುಹೋಗಿದ್ದರು. ಎಚ್‌ಎಎಲ್‌ನವರು ಹೋಗಿ, ಒಂದರ ಕೈ ಇನ್ನೊಂದಕ್ಕೆ, ಇನ್ನೊಂದರ ಕಾಲು ಮತ್ತೊಂದಕ್ಕೆ ಜೋಡಿಸಿ, ಹೇಗೋ ಹಾರುವಷ್ಟು ಮಾಡಿದರು. ಮುನ್ಷಿ ಎಂಬ ಟೆಸ್ಟ್ ಪೈಲಟ್ ಅವನ್ನು ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಸರಿಯಾಗಿ ದುರಸ್ತಿಯಾಗಿ 40ಕ್ಕೂ ಹೆಚ್ಚು ಲಿಬರೇಟರುಗಳು ವಾಯುಪಡೆ ಸೇರಿದವು, 1968ರವರೆಗೂ ಹಾರಿದವು. ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಮ್ಮಿನಲ್ಲಿ, ಅರಿಜೋನಾದ ಪೀಮಾ ಮ್ಯೂಸಿಯಮ್ಮಿನಲ್ಲಿ ಇಂದು ನಿಂತಿರುವ ಲಿಬರೇಟರುಗಳು ಭಾರತದಿಂದ ಹೋದವೇ. ತಮ್ಮದೇ ಬಾಂಬರ್ ಬೇಕೆಂದರೆ ಅವರು ನಮ್ಮ ಹತ್ತಿರ ಬರಬೇಕಾಯಿತು.

ಬಾಂಬರನ್ನೇ ಬದುಕಿಸಿದ ಊರಿನವನಾಗಿ ನಾನೊಂದು ಮೀಟರ್ ಬದುಕಿಸಲಾರೆನೇ?

ಮೊದಲು ಸುರಕ್ಷತೆ. ಹಳೇ ವಿಮಾನದ ಮೀಟರುಗಳ ಮುಳ್ಳು, ಅಂಕಿಗಳು ಕತ್ತಲಲ್ಲಿ ಕಾಣಲೆಂದು ರೇಡಿಯಂ ಬಣ್ಣ ಬಳಿಯುತ್ತಿದ್ದರು. ಅದು ವಿಕಿರಣ ಸೂಸುವ ವಸ್ತು. ಅರ್ಧ ಕರಗಲು 1600 ವರ್ಷ ಬೇಕು. ಲೈಟ್ ಆರಿಸಿ ನೋಡಿದರೆ ನನ್ನ ಮೀಟರ್ ಮಿಣುಕು ಕೂಡ ಹೊಳೆಯಲಿಲ್ಲ. ಆದರೆ ರೇಡಿಯಂ ಜೊತೆ ಬೆರೆಸಿದ ಸತುವಿನ ಸಲ್ಫೈಡ್ ಬೇಗ ಸವೆದು ಹೊಳಪು ಹೋಗುತ್ತದೆ, ರೇಡಿಯಂ ಮಾತ್ರ ಹಾಗೇ ಉಳಿಯುತ್ತದೆ. ಅಂದರೆ ಹೊಳೆಯದಿರುವುದೇ ಅಸಲಿ ಎಂಬುದಕ್ಕೆ ಸಾಕ್ಷಿ! ಕೈಗವಸು ತೊಟ್ಟು, ಮೀಟರನ್ನು ಡಬ್ಬಿಯೊಳಗಿಟ್ಟು, ಆ ಡಬ್ಬಿಯನ್ನು ಇನ್ನೊಂದು ಡಬ್ಬಿಯೊಳಗಿಟ್ಟು ಟೆರೇಸಿಗೆ ಸಾಗಿಸಿದೆ.

"ರೀ, ಎರಡನೇ ಡಬ್ಬಿ ನನ್ನ ಚಕ್ಕುಲಿ ಡಬ್ಬಿ" ಎಂದಳು ಹೆಂಡತಿ.

"1600 ವರ್ಷ ಅದನ್ನ ಮುಟ್ಟಬೇಡ" ಎಂದೆ.

ಅಷ್ಟು ಬೆಲೆಬಾಳುವ ವಸ್ತುವಿಗೆ ನೇರವಾಗಿ ಕೈ ಹಾಕುವುದು ಬೇಡ, ಪುಕ್ಕಟೆ ಬ್ರಾಕೆಟ್ಟಿನ ಮೇಲೆ ಮೊದಲು ಕೈ ಪಳಗಿಸೋಣ ಎಂದು ಕೂತೆ. ವೈರ್ ಬ್ರಷ್ ಹಾಕಿ ಉಜ್ಜಿದೆ, ಎಮರಿ ಪೇಪರ್ ಹಾಕಿ ಉಜ್ಜಿದೆ. ಹಸಿರು ಪುಡಿ ಮೂಗು ಬಾಯಿಗೆಲ್ಲ ಅಡರಿತು. ಮೂಲೆಯಲ್ಲಿ ನೇರಳೆ ಮಸಿಯ ಕೊಳೆಯೊಂದು ಹಟ ಹಿಡಿದಿತ್ತು, ಅದಕ್ಕೆ ಹುಣಸೆಹಣ್ಣು. ಕೊನೆಗೆ ಬ್ರಾಸೋ. ಮುಖ ನೋಡಿಕೊಂಡು ಕ್ಷೌರ ಮಾಡಿಕೊಳ್ಳಬಹುದು, ಹಾಗೆ ಫಳಫಳಿಸಿತು.

ಇಷ್ಟರಲ್ಲಿ ಮೀಟರಿನ ಚರಿತ್ರೆಯನ್ನೂ ಬರೆದು ಮುಗಿಸಿದ್ದೆ. ಬರ್ಮಾ ಗಡಿಯ ಅರಕಾನಿನ ಮೇಲೆ ಮೋಡ, ಕೆಳಗೆ ಜಪಾನೀಯರು, ನಡುಗುವ ಮುಳ್ಳು ಮೈನಸ್ 30ಕ್ಕೆ ಬಂದಾಗ ಪೈಲಟ್‌ನ ಹಣೆಯ ಮೇಲೆ ಬೆವರು. ಮೊದಲು ವಸ್ತು ಯಾವುದೆಂದು ತಿಳಿದು ಆಮೇಲೆ ಚರಿತ್ರೆ ಬರೆಯುವುದು ವಾಡಿಕೆ. ಬರೆದಿಟ್ಟುಕೊಂಡರೆ ತಿಳಿಯುವುದು ಸುಲಭ ಎಂಬುದು ನನ್ನ ಪದ್ಧತಿ.

ಪ್ರಮಾಣಪತ್ರಕ್ಕೆಂದು ಹೋದದ್ದು ಮುರುಗೇಶಪಾಳ್ಯದ ಒಬ್ಬ ಹಿರಿಯರ ಮನೆಗೆ. ಎಚ್‌ಎಎಲ್‌ನಲ್ಲಿ ಇನ್‌ಸ್ಪೆಕ್ಷನ್ನಿನಲ್ಲಿದ್ದು ನಿವೃತ್ತರಾದವರು. ಕುರ್ಟ್ ಟ್ಯಾಂಕ್ ಎಂಬ ಜರ್ಮನ್ ತಜ್ಞನ ಮುಂದಾಳತ್ವದಲ್ಲಿ ರೂಪುಗೊಂಡು 1961ರ ಜೂನ್ 17ರಂದು ಮೊದಲು ಹಾರಿದ ಮಾರುತ್ ಜೆಟ್ಟಿನ ಬಗ್ಗೆ ಅವರು ಮಾತಾಡಿದರೆ ಸ್ವಂತ ಮಗಳ ಮದುವೆಯ ಬಗ್ಗೆ ಮಾತಾಡಿದ ಹಾಗಿರುತ್ತದೆ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನ ಮುಂದೆ ನಿಲ್ಲಿಸಿರುವುದೂ ಮಾರುತ್ತೇ. ಸಿಟಿ ಬಸ್ಸಿನಲ್ಲಿ ಹೋಗುವಾಗ ಇವರು ಅದಕ್ಕೆ ಕೈಮುಗಿಯುತ್ತಾರೆ ಎಂಬುದು ಅವರ ಮನೆಯಾಕೆಯ ದೂರು.

ಕೈಗವಸು ತೊಟ್ಟು ಡಬ್ಬಿಯೊಳಗಿನ ಡಬ್ಬಿ ತೆರೆದೆ. ಅವರು ಬರಿಗೈಯಲ್ಲಿ ಮೀಟರ್ ಎತ್ತಿಕೊಂಡು ಹಿಂದೆ ತಿರುಗಿಸಿದರು.

"ಏರೋದು ಇಳಿಯೋದು ತೋರ್ಸೋ ಮೀಟರ್‌ಗೆ ಸೊನ್ನೆ ಎಡಗಡೆ ಇರತ್ತೆ ಕಣಪ್ಪ, ಗಡಿಯಾರದ ಒಂಬತ್ತು ಗಂಟೆ ಜಾಗದಲ್ಲಿ. ಮುಳ್ಳು ಮೇಲಕ್ಕೆ ಹೋದ್ರೆ ಏರ್ತಿದೆ ಅಂತ, ಕೆಳಕ್ಕೆ ಬಂದ್ರೆ ಇಳೀತಿದೆ ಅಂತ. ಅದು ಗಾಳಿಯ ಒತ್ತಡದಲ್ಲಿ ಕೆಲಸ ಮಾಡೋದು, ಹಿಂದೆ ಪೈಪ್ ಕೂರಿಸೋ ಬಾಯಿ ಇರ್ಬೇಕು. ಇದಕ್ಕೆ ವೈರ್ ಬಿಗಿಯೋ ಎರಡು ಸ್ಕ್ರೂ ಇದೆ."

"ಅಂದ್ರೆ ಸಾರ್?"

"ಆಂಪಿಯರ್ ಮೀಟ್ರು. ಬ್ಯಾಟರಿ ಚಾರ್ಜ್ ಆಗ್ತಿದೆಯಾ, ಖಾಲಿ ಆಗ್ತಿದೆಯಾ ಅಂತ ತೋರ್ಸತ್ತೆ. ಟ್ರ್ಯಾಕ್ಟರ್‌ದು."

"ಎ, ಎಂ ಅಂತ ಇದೆಯಲ್ಲ?"

"ಆಮೇಲೆ ಪಿ, ಎಸ್ ಇತ್ತು. ಅಳಿಸಿದೆ."

ಏರ್ ಮಿನಿಸ್ಟ್ರಿಯ ಮೀಟರಾದರೆ 6ಎ ಎಂದು ಶುರುವಾಗುವ ಉಗ್ರಾಣದ ನಂಬರ್ ಇರಬೇಕಿತ್ತಂತೆ. ಆ ಕಾಲದಲ್ಲಿ ಉಪಕರಣಗಳಿಗೆ 6ಎ, ವಿದ್ಯುತ್ ಸ್ವಿಚ್ಚುಗಳಿಗೆ 5ಸಿ, ಪೈಲಟ್‌ನ ತಲೆಗವಸಿಗೆ 22ಸಿ. ನಂಬರಿಲ್ಲದ ಸಾಮಾನು ಉಗ್ರಾಣದ ಬಾಗಿಲನ್ನೇ ದಾಟುತ್ತಿರಲಿಲ್ಲ. ಹಾಗೆಂದು ವಿಮಾನದ ಬಾಲದ ಮೇಲೆ ಬರೆದ ನಂಬರನ್ನು ನಂಬಿ ಕೆಡಬೇಡ ಎಂದೂ ಹೇಳಿದರು. ಐರ್ಲೆಂಡಿನ ಗುಜರಿಯಿಂದ ಕೊಂಡು, ಬ್ರಿಟನ್ನಿನಲ್ಲಿ ದುರಸ್ತಿ ಮಾಡಿಸಿ ಆಗ ಸಂಸದರಾಗಿದ್ದ ರಾಜೀವ್ ಚಂದ್ರಶೇಖರ್ ವಾಯುಪಡೆಗೆ ಕೊಟ್ಟ 'ಪರಶುರಾಮ' ಡಕೋಟಾ 2018ರಲ್ಲಿ ಬಂತಲ್ಲ, ಅದರ ಬಾಲದ ಮೇಲಿರುವ ವಿಪಿ 905, 1947ರಲ್ಲಿ ಶ್ರೀನಗರಕ್ಕೆ ಸೈನಿಕರನ್ನು ಇಳಿಸಿದ ಬೇರೊಂದು ಡಕೋಟಾದ ನಂಬರ್. ಗೌರವಕ್ಕೆಂದು ಬರೆದದ್ದು. ಅಸಲಿ ಜಾತಕ ಒಳಗಿನ ತಗಡಿನ ಪ್ಲೇಟಿನಲ್ಲಿರುತ್ತದೆ.

ಮುಖ ಉಳಿಸಿಕೊಳ್ಳಲು ಫಳಫಳಿಸುವ ಬ್ರಾಕೆಟ್ ತೆಗೆದು ಮುಂದಿಟ್ಟೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಇದು ವಿಮಾನದ್ದೇ. ರಿವೆಟ್ ನೋಡಿದ್ರೆ ಗೊತ್ತಾಗತ್ತೆ. ಮೇಲೆ ಹಸಿರು ಇತ್ತಾ?"

"ಇತ್ತು ಸಾರ್, ಪೂರ್ತಿ ಕೆರೆದೆ."

"ಝಿಂಕ್ ಕ್ರೋಮೇಟ್. ತುಕ್ಕು ಹಿಡೀದೇ ಇರ್ಲಿ ಅಂತ ಬಳಿಯೋದು. ಅದರ ಪುಡಿ ವಿಷ, ಉಸಿರಿಗೆ ಹೋಗ್ಬಾರ್ದು. ಮೂಲೇಲಿ ನೇರಳೆ ಸ್ಟಾಂಪ್ ಇತ್ತಾ?"

"ಕೊಳೆ ಅಂದ್ಕೊಂಡು..."

"ಇನ್‌ಸ್ಪೆಕ್ಟರ್ ಸ್ಟಾಂಪು. ಒಬ್ಬೊಬ್ರಿಗೂ ಒಂದೊಂದು ನಂಬರ್. ನಂದೇ ಇದ್ರೂ ಇರ್ಬಹುದಿತ್ತು. ವ್ಯಾಂಪೈರ್‌ದಾ, ನ್ಯಾಟ್‌ದಾ, ಮಾರುತ್‌ದಾ ಅಂತ ಈಗ ಬ್ರಹ್ಮನೂ ಹೇಳಲಾರ. ಹುಣಸೆಹಣ್ಣು ಹಾಕಿದ್ಯಾ?"

ತಲೆಯಾಡಿಸಿದೆ.

"ಕಾನ್ಪುರದಲ್ಲಿ ಆ ಬಾಂಬರುಗಳ ಮೇಲೆ ಬುಲ್ಡೋಜರ್ ಹತ್ತಿಸಿದೋರು ನಿನಗಿಂತ ವಾಸಿ" ಎಂದು ಒಳಗೆ ಹೋಗಿ ಕಾಫಿ ತಂದುಕೊಟ್ಟರು.

ಚಕ್ಕುಲಿ ಡಬ್ಬಿಯನ್ನು ನಿರಪಾಯಕಾರಿ ಎಂದು ಘೋಷಿಸಿ ಹಿಂದಿರುಗಿಸಿದ್ದೇನೆ. ವಿಷದ ಪುಡಿ ಕುಡಿದವನನ್ನು ಡಾಕ್ಟರು ನೋಡಿ, ಸದ್ಯಕ್ಕೇನೂ ಇಲ್ಲ ಎಂದಿದ್ದಾರೆ. ಎಚ್‌ಎಎಲ್, ವಾಯುಪಡೆಯಲ್ಲಿದ್ದ ಅಜ್ಜ ಅಪ್ಪಂದಿರ ಕಾಲದ ಇಂಥ ಸಾಮಾನು ನಿಮ್ಮ ಮನೆಯ ಅಟ್ಟದಲ್ಲೂ ಇರಬಹುದು. ಇದ್ದರೆ ತೊಳೆಯಬೇಡಿ, ಕೆರೆಯಬೇಡಿ, ಬ್ರಾಸೋ ಡಬ್ಬಿಯನ್ನು ಆ ದಿಕ್ಕಿಗೂ ತೋರಿಸಬೇಡಿ. ನಂಬರು, ಸ್ಟಾಂಪುಗಳ ಫೋಟೊ ತೆಗೆದು, ಯಾರಿಂದ ಬಂತು ಎಂದು ಒಂದು ಚೀಟಿಯಲ್ಲಿ ಬರೆದು, ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಮ್ಮಿನವರನ್ನು ವಿಚಾರಿಸಿ. ನನ್ನನ್ನು ಮಾತ್ರ ಕರೆಯಬೇಡಿ.