ಗಂಜಿ ವಿಮೋಚನಾ ಶಾಸ್ತ್ರ

ಈ ಕ್ಷೇತ್ರದಲ್ಲಿ ನನಗೆ ಹತ್ತೊಂಬತ್ತು ದಿನಗಳ ಸುದೀರ್ಘ ಅನುಭವವಿದೆ. ಅದಕ್ಕೆ ಮುಂಚೆ ನಮ್ಮ ಮನೆಯಲ್ಲಿ ಹೊಸ ಬಟ್ಟೆ ನೆನೆಹಾಕುವ ಕೆಲಸ ತೀರಾ ಅವೈಜ್ಞಾನಿಕವಾಗಿ ನಡೆಯುತ್ತಿತ್ತು. ನನ್ನ ಹೆಂಡತಿ ಬಕೆಟ್ಟಿಗೆ ನೀರು ಬಿಟ್ಟು ರಾತ್ರಿ ಬಟ್ಟೆ ಅದ್ದಿಡುವಳು, ಬೆಳಿಗ್ಗೆ ಹಿಂಡಿ ತಂತಿಯ ಮೇಲೆ ಹರವುವಳು. ನೀರಿನ ಉಷ್ಣಾಂಶ ಬರೆದಿಟ್ಟ ಒಂದು ಚೀಟಿಯೂ ಸಿಕ್ಕುವುದಿಲ್ಲ.

ನಾನು ನಿವೃತ್ತನಾದ ಮೂರನೆಯ ವಾರ, ನಾದಿನಿಯ ಮಗಳ ಮದುವೆಗೆಂದು ಸೀರೆ ಬಂತು. "ರೀ, ಈ ಲೈನಿಂಗು, ಫಾಲ್ಸು ಎರಡನ್ನೂ ನೀರಿಗೆ ಹಾಕಿಬಿಡಿ, ನಾಳೆ ಟೈಲರಿಗೆ ಕೊಡಬೇಕು" ಎಂದಳು. ನಾಳೆ ಎಂಬ ಮಾತು ಶಾಸ್ತ್ರಕ್ಕೆ ಹೊಂದುವಂಥದ್ದಲ್ಲ. ಬಟ್ಟೆಯನ್ನು ನನ್ನ ವಶಕ್ಕೆ ತೆಗೆದುಕೊಂಡೆ.

ಮೊದಲು ರೋಗದ ಮೂಲ ತಿಳಿಯಬೇಕು. ನೇಯ್ಗೆಯಲ್ಲಿ ಹಾಸು, ಹೊಕ್ಕು ಎಂದು ಎರಡು. ಹೊಕ್ಕಿನ ನೂಲು ಲಾಳಿಯಲ್ಲಿ ಕೂತು ಅತ್ತಿಂದಿತ್ತ ಓಡಾಡಿಕೊಂಡಿರುತ್ತದೆ, ಸುಖಜೀವಿ. ಹಾಸಿನ ನೂಲಾದರೋ ಮಗ್ಗದ ಮೇಲೆ ಬಿಗಿಯಾಗಿ ನಿಂತು, ಹಣಿಗೆಯ ಉಜ್ಜಾಟವನ್ನೆಲ್ಲ ತಾನೇ ತಾಳಿಕೊಳ್ಳಬೇಕು. ಪಟಪಟ ಹರಿಯದಿರಲಿ ಎಂದು ಅದಕ್ಕೆ ಗಂಜಿ ಉಣ್ಣಿಸುತ್ತಾರೆ. ಕೈಮಗ್ಗದ ಊರುಗಳಲ್ಲಿ ಬೆಳಗಿನ ಹೊತ್ತು ಬೀದಿಯುದ್ದಕ್ಕೂ ಹಾಸು ಚಾಚಿ ಗಂಜಿ ತೀಡುವುದು ಇದಕ್ಕೇ. ಗಿರಣಿಯಲ್ಲೂ ಅದೇ ಕಥೆ, ಯಂತ್ರ ದೊಡ್ಡದು ಅಷ್ಟೆ. ನೇಯ್ದಾದ ಮೇಲೆ ಗಿರಣಿಯವರು ಆ ಗಂಜಿಯನ್ನು ತೆಗೆಯುತ್ತಾರೆ, ಬಟ್ಟೆಯನ್ನು ಬಿಳುಪು ಮಾಡುತ್ತಾರೆ. ಆಮೇಲೆ ಅಗ್ಗದ ಬಟ್ಟೆಯಾದರೆ, ಅಂಗಡಿಯಲ್ಲಿ ಬಿಚ್ಚಿ ತೋರಿಸುವಾಗ ಗರಿಗರಿಯಾಗಿ ನಿಲ್ಲಲಿ ಎಂದು ಮತ್ತೆ ಗಂಜಿ ಹಾಕುತ್ತಾರೆ. ಮುಟ್ಟಿ ನೋಡಿದ ನಾವು "ಬಟ್ಟೆ ಒಳ್ಳೇ ದಪ್ಪವಾಗಿದೆ" ಎಂದು ತಲೆಯಾಡಿಸಿ ಗಂಜಿಗೆ ಮೀಟರ್ ಲೆಕ್ಕದಲ್ಲಿ ದುಡ್ಡು ಕೊಟ್ಟು ಬರುತ್ತೇವೆ.

ಗಂಜಿಯೊಂದೇ ಅಲ್ಲ. ಗಿರಣಿಯಲ್ಲಿ ಬಟ್ಟೆಯನ್ನು ಉದ್ದುದ್ದಕ್ಕೆ ಜಗ್ಗಿ ಜಗ್ಗಿ ಸಾಗಿಸಿರುತ್ತಾರೆ. ನೀರು ಕಂಡ ಕೂಡಲೇ ನೂಲು ಆ ಎಳೆತವನ್ನು ಬಿಟ್ಟು, ಮೈ ಸಡಿಲಿಸಿ, ಗಿಡ್ಡವಾಗಿ ಕೂತುಬಿಡುತ್ತದೆ. ನಿವೃತ್ತಿಯ ಮರುದಿನ ಮನುಷ್ಯನಿಗೆ ಆಗುವುದೂ ಇದೇ. ಸ್ಯಾನ್‌ಫೋರ್ಡ್ ಕ್ಲೂಯೆಟ್ ಎಂಬ ಅಮೆರಿಕದವರು ಬಟ್ಟೆಯನ್ನು ಕಾರ್ಖಾನೆಯಲ್ಲೇ ಮೊದಲು ಕುಗ್ಗಿಸಿಬಿಡುವ ಯಂತ್ರ ಕಂಡುಹಿಡಿದರು. ಸ್ಯಾನ್‌ಫರೈಸ್ಡ್ ಎಂಬ ಹೆಸರು ಬಂದದ್ದು ಅವರಿಂದ. ಫಾಲ್ಸಿನವರೆಗೆ ಆ ಭಾಗ್ಯ ಇನ್ನೂ ಇಳಿದು ಬಂದಂತೆ ಕಾಣುವುದಿಲ್ಲ.

ಪರೀಕ್ಷೆ ಎರಡು ಬಗೆ. ಒಂದು ಹನಿಪರೀಕ್ಷೆ. ಬಟ್ಟೆಯ ಮೇಲೆ ಒಂದು ಹನಿ ನೀರು ಬಿಟ್ಟು ಗಡಿಯಾರ ನೋಡಬೇಕು. ಚೊಕ್ಕಟವಾದ ಹತ್ತಿಬಟ್ಟೆ ಕ್ಷಣದಲ್ಲಿ ಹೀರುತ್ತದೆ. ನಮ್ಮ ಲೈನಿಂಗಿನ ಮೇಲೆ ಹನಿ ಕೆಸುವಿನೆಲೆಯ ಮೇಲೆ ಕೂತಂತೆ ಕೂತಿತ್ತು. ನಾನು ಕಾಫಿ ಮುಗಿಸಿ ಬಂದಾಗಲೂ ಇತ್ತು. ಇನ್ನೊಂದು ಅಯೋಡಿನ್ ಪರೀಕ್ಷೆ. ಗಾಯಕ್ಕೆ ಹಚ್ಚುವ ಅಯೋಡಿನ್ನನ್ನು ತೆಳುಮಾಡಿ ಒಂದು ತೊಟ್ಟು ಹಾಕಿದರೆ, ಪಿಷ್ಟವಿದ್ದಲ್ಲಿ ಕಡುನೀಲಿಯಾಗುತ್ತದೆ. ಆಯಿತು. ವಿಜ್ಞಾನದಲ್ಲಿ ಹೋಲಿಕೆಗೆ ಬೇರೆ ಮಾದರಿಗಳೂ ಬೇಕಾದ್ದರಿಂದ ದೋಸೆಹಿಟ್ಟು, ಹೆಚ್ಚಿಟ್ಟ ಆಲೂಗಡ್ಡೆ ಮತ್ತು ನನ್ನ ಇಸ್ತ್ರಿ ಪಂಚೆಯ ಮೇಲೂ ತೊಟ್ಟು ಹಾಕಿದೆ. ಎಲ್ಲವೂ ನೀಲಿ. ಇಡೀ ಮನೆಗೇ ಗಂಜಿ ವ್ಯಾಪಿಸಿದೆ ಎಂದು ವರದಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಅವತ್ತು ಬೆಳಿಗ್ಗೆ ತಿಂಡಿ ಆಗಲಿಲ್ಲ.

ಇನ್ನು ವಿಮೋಚನೆ. 1833ರಲ್ಲಿ ಪೇಯೆನ್, ಪೆರ್ಸೋ ಎಂಬ ಇಬ್ಬರು ಫ್ರೆಂಚರು ಮೊಳೆತ ಬಾರ್ಲಿಯಿಂದ ಡಯಾಸ್ಟೇಸ್ ಎಂಬ ಕಿಣ್ವ ತೆಗೆದರು. ಅದು ಪಿಷ್ಟವನ್ನು ಕಡಿದು ಸಕ್ಕರೆ ಮಾಡಿ ನೀರಿಗೆ ಬಿಡುತ್ತದೆ. ಬಟ್ಟೆಯವರು ಗಂಜಿ ಬಿಡಿಸಲು ಮಾಲ್ಟ್ ಸಾರ ಬಳಸುತ್ತಿದ್ದ ಕಾಲವಿತ್ತು. ನಮ್ಮ ಎಂಜಲಿನಲ್ಲೂ ಅದೇ ಜಾತಿಯ ಕಿಣ್ವವಿದೆ, ಅನ್ನವನ್ನು ಬಹಳ ಹೊತ್ತು ಅಗಿದರೆ ಸಿಹಿಯಾಗುವುದು ಅದರಿಂದಲೇ. ಈ ವಿಷಯದಲ್ಲಿ ಕುಟುಂಬದ ಸಹಕಾರ ಕೋರಿದೆ. ಸಿಗಲಿಲ್ಲ. ಬಾರ್ಲಿಯಲ್ಲಿ ಆದದ್ದು ರಾಗಿಯಲ್ಲಿ ಏಕಾಗಬಾರದು? ಮೊಮ್ಮಗುವಿನ ಸರಿಗೆಂದು ಹೆಂಡತಿ ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಬೀಸಿಟ್ಟಿದ್ದ ರಾಗಿಹಿಟ್ಟು ಡಬ್ಬದಲ್ಲಿತ್ತು. ಉಗುರುಬೆಚ್ಚಗಿಂತ ಕೊಂಚ ಹೆಚ್ಚು ಬಿಸಿಯ ನೀರಿಗೆ ಮೂರು ಹಿಡಿ ಹಾಕಿ ಲೈನಿಂಗನ್ನು ಅದ್ದಿದೆ. ನೀರು ಕುದಿಯಬಾರದು, ಕುದಿದರೆ ಕಿಣ್ವ ಸಾಯುತ್ತದೆ, ಉಳಿಯುವುದು ಬರೀ ಅಂಬಲಿ.

ಬೆಳಿಗ್ಗೆ ನೋಡಿದರೆ ಅಯೋಡಿನ್ ನೀಲಿಯಾಗಲೊಲ್ಲದು! ಗಂಜಿ ಹೋಗಿತ್ತು. ಅದರ ಜೊತೆ ಬಿಳುಪೂ ಹೋಗಿ, ಬಟ್ಟೆ ಆರಿದ ಮುದ್ದೆಯ ಬಣ್ಣಕ್ಕೆ ಬಂದಿತ್ತು. ಬಣ್ಣ ಹಾಕುವ ಖರ್ಚು ಉಳಿಯಿತೆಂದು ದಾಖಲಿಸಿದೆ.

ಗಂಜಿ ಹೋದ ಮಾತ್ರಕ್ಕೆ ಎಲ್ಲ ಹೋಯಿತೆಂದು ತಿಳಿಯಬಾರದು. ಹತ್ತಿಗೆ ಹುಟ್ಟಿನಿಂದಲೇ ಮೇಣದ ಜಿಡ್ಡಿದೆ, ಅದು ಉಳಿದರೆ ಬಣ್ಣ ಸಮನಾಗಿ ಹಿಡಿಯದೆ ಕಲೆಕಲೆಯಾಗುತ್ತದೆ. ಅದಕ್ಕೆ ವಾಷಿಂಗ್ ಸೋಡಾ ಹಾಕಿ ಕುದಿಸಬೇಕು. (ರೇಷ್ಮೆಗೆ ಈ ಉಪಚಾರ ಮಾಡಬೇಡಿ. ಸೀರೆ ನನ್ನ ಕೈಗೆ ಸಿಗದಂತೆ ಬೀರುವಿನ ಕೀಲಿಯನ್ನು ಆಗಲೇ ಯಾರೋ ಸೆರಗಿಗೆ ಗಂಟು ಹಾಕಿಕೊಂಡಿದ್ದರು.) ಲೈನಿಂಗು, ಫಾಲ್ಸು ಎರಡನ್ನೂ ಸೋಡಾನೀರಿಗೆ ಬಿಟ್ಟು ಒಲೆ ಹಚ್ಚಿದೆ. ಎರಡೇ ನಿಮಿಷದಲ್ಲಿ ಫಾಲ್ಸಿನ ಒಂದು ತುದಿಯಿಂದ ಕೆಂಪು ಹರಡಿತು. ಹೊಸ ಬಟ್ಟೆ ಮನೆಗೆ ಬಂದ ಗಳಿಗೆಯೇ ನಮ್ಮಮ್ಮ ಮೂಲೆಗೆ ಅರಿಶಿನ ಮುಟ್ಟಿಸಿದ್ದರು. ಕ್ಷಾರ ತಾಗಿದರೆ ಅರಿಶಿನ ಕೆಂಪಾಗುತ್ತದೆ.

ಅಮ್ಮ ಬಂದು ಪಾತ್ರೆಗೆ ಇಣುಕಿದರು. "ಇದೇನೋ, ಈಗಲೇ ಆರತಿಗೆ ಓಕುಳಿ ಕಲಸಿಟ್ಟಿದ್ದೀಯ?"

ಓಕುಳಿಯೂ ಅರಿಶಿನಕ್ಕೆ ಸುಣ್ಣ ಬೆರೆಸಿದ್ದೇ, ಸುಣ್ಣವೂ ಕ್ಷಾರವೇ, ಆದ್ದರಿಂದ ನಿನ್ನ ಅವಲೋಕನ ಸರಿಯಾಗಿದೆ ಎಂದು ಅವರಿಗೆ ವಿವರಿಸಿದೆ. "ಅದು ನಂಗೆ ಅರವತ್ತು ವರ್ಷದಿಂದ ಗೊತ್ತು, ಒಲೆ ಆರಿಸು" ಎಂದರು. ಶಿಕ್ಷಣದಲ್ಲಿ ಇಂಥ ಅಡಚಣೆಗಳು ಇದ್ದೇ ಇರುತ್ತವೆ.

ಕುದಿದು ಒಣಗಿದ ಫಾಲ್ಸು ನನ್ನ ಕೈಯಲ್ಲಿ ಒಂದು ಗೇಣು ಗಿಡ್ಡವಾಗಿತ್ತು. ಮನೆಯವರು ಇದನ್ನು ಅನಾಹುತ ಎಂದರು. ಸಿದ್ಧಾಂತದ ಪ್ರಕಾರ ಇದು ವಿಜಯ. ನೆನೆಸದ ಫಾಲ್ಸನ್ನು ಸೀರೆಗೆ ಹೊಲಿಸಿದವರ ಗತಿ ನೋಡಬೇಕು: ಮೊದಲ ಒಗೆತಕ್ಕೆ ಫಾಲ್ಸು ಕುಗ್ಗುತ್ತದೆ, ಸೀರೆ ಕುಗ್ಗುವುದಿಲ್ಲ. ಅಂಚು ಹಪ್ಪಳದಂತೆ ಸೊಟ್ಟಗಾಗಿ, ನೆರಿಗೆ ಹಿಡಿದರೆ ಕಾಲ ಬಳಿ ಕೊಸರಾಡುತ್ತದೆ. ಇಸ್ತ್ರಿಯವನ ಪೆಟ್ಟಿಗೆಗೂ ಅದು ಬಗ್ಗುವುದಿಲ್ಲ. ಬಿಚ್ಚಿ, ಬೇರೆ ಹೊಲಿಸಬೇಕು.

ಈ ಮಧ್ಯೆ ಭಾನುವಾರ ಬಂತು. ಹೆಂಡತಿ ಅನ್ನ ಬಸಿದ ಗಂಜಿಯನ್ನು ತೆಳು ಮಾಡಿ, ಸೋಸಿ, ಅದರಲ್ಲಿ ನನ್ನ ಬಿಳಿ ಪಂಚೆ ಅದ್ದುತ್ತಿದ್ದಳು. ಹೊಸ ಬಟ್ಟೆಯಿಂದ ನಾನು ಒಂದು ವಾರ ಶ್ರಮಿಸಿ ತೆಗೆದದ್ದನ್ನು ಅವಳು ಹಳೆ ಬಟ್ಟೆಗೆ ಹಾಕುತ್ತಿರುವ ವೈರುಧ್ಯವನ್ನು ತೋರಿಸಿಕೊಟ್ಟೆ. "ಹಾಗಾದರೆ ಮದುವೆಗೆ ಜೋಲು ಪಂಚೆ ಉಟ್ಕೊಂಡು ಬನ್ನಿ" ಎಂದಳು. ಕಾರ್ಖಾನೆಯ ಗಂಜಿ ಬೇರೆ, ಮನೆಯ ಗಂಜಿ ಬೇರೆ ಎಂಬ ಉಪನಿಯಮವನ್ನು ಶಾಸ್ತ್ರಕ್ಕೆ ಅಂದೇ ಸೇರಿಸಿದೆ.

ಮದುವೆಯ ದಿನ ಅವಳ ರವಿಕೆ ಅಚ್ಚುಕಟ್ಟಾಗಿತ್ತು, ಸೀರೆಯ ಅಂಚು ನೆಟ್ಟಗೆ ಇಳಿಬಿದ್ದಿತ್ತು. ವಿಚಾರಿಸಲಾಗಿ, ನನ್ನ ಸಂಶೋಧನೆಯ ಎರಡನೆಯ ದಿನವೇ ಬೇರೆ ಲೈನಿಂಗು, ಬೇರೆ ಫಾಲ್ಸು ತಂದು, ರಾತ್ರಿ ಬಕೆಟ್ಟಿಗೆ ಹಾಕಿ, ಬೆಳಿಗ್ಗೆ ಒಣಗಿಸಿ ಟೈಲರಿಗೆ ಕೊಟ್ಟಿದ್ದಾಳೆಂದು ತಿಳಿಯಿತು.

ನನ್ನ ಲೈನಿಂಗು ಈಗ ಅಡುಗೆಮನೆಯಲ್ಲಿ ಮಸಿಬಟ್ಟೆಯಾಗಿದೆ. ಮೊನ್ನೆ ಕಟ್ಟೆಯ ಮೇಲೆ ಸಾರು ಚೆಲ್ಲಿದಾಗ ಗಡಿಯಾರ ಹಿಡಿದು ನೋಡಿದೆ. ಒಂದು ಸೆಕೆಂಡೂ ಹಿಡಿಯಲಿಲ್ಲ.