ಸೇತುತೀರ ಪಟಾರೋಹಣ ಮೀಮಾಂಸೆ

ಕಾಶಿ-ರಾಮೇಶ್ವರ ಯಾತ್ರೆಯ ಬಗ್ಗೆ ನಮ್ಮಲ್ಲಿ ವಿಧಿಗಳಿಗೇನೂ ಕೊರತೆಯಿಲ್ಲ. ಸಂಕಲ್ಪ ಹೇಗೆ, ಸೇತುವಿನ ಮರಳನ್ನು ಗಂಗೆಗೆ ಬಿಡುವುದು ಹೇಗೆ, ಗಂಗೆಯನ್ನು ತಂದು ರಾಮನಾಥಸ್ವಾಮಿಗೆ ಎರೆಯುವುದು ಹೇಗೆ ಎಂಬುದನ್ನೆಲ್ಲ ಹಿರಿಯರು ಹೇಳಿಟ್ಟಿದ್ದಾರೆ. ಆದರೆ ಬೆಂಗಳೂರಿನ ಐದು ಮಂದಿ ಒಂಬತ್ತು ಚದರ ಮೀಟರಿನ ಗಾಳಿಪಟವನ್ನು ಹೊತ್ತು, ಅದು ಎಳೆದತ್ತ ಹಲಗೆಯ ಮೇಲೆ ನಿಂತು ನೀರಿನಲ್ಲಿ ಜಾರುವುದಕ್ಕೆಂದೇ ಅದೇ ರಾಮೇಶ್ವರಕ್ಕೆ ಹೊರಟರೆ ಏನು ವಿಧಿ? ಶಾಸ್ತ್ರಕಾರರು ಸುಮ್ಮನಿದ್ದಾರೆ. ಆ ಮೌನವನ್ನೇ ಸಮ್ಮತಿಯೆಂದು ತಿಳಿದು ಈ ಪ್ರಬಂಧಕ್ಕೆ ಕೈಹಾಕಿದ್ದೇವೆ. ವಿದ್ಯೆಯ ಲೌಕಿಕ ಹೆಸರು ಕೈಟ್‌ಸರ್ಫಿಂಗ್. ಇಲ್ಲಿ ಗೌರವಾರ್ಥವಾಗಿ ಪಟಾರೋಹಣ ಎನ್ನಲಾಗಿದೆ.

ಮೊದಲು ಪೂರ್ವಪಕ್ಷ. ಈ ವಿದ್ಯೆಗೆ ಆಂಜನೇಯನೇ ಆದಿಪುರುಷನೆಂದು ಕೆಲವರು ವಾದಿಸುತ್ತಾರೆ: ವಾಯುಪುತ್ರ, ಸಮುದ್ರದ ಮೇಲೆ ಹೋದವನು, ಅದೂ ಲಂಕೆಯ ಕಡೆಗೇ. ಇದು ಸಲ್ಲದು. ಹನುಮಂತ ಗಾಳಿಗಾಗಿ ಕಾಯಲಿಲ್ಲ. ಗಾಳಿಗಾಗಿ ಕಾಯದವನು ಪಟಾರೋಹಿಯಲ್ಲ. ದಾರವೂ ಇರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಹೊರಡುವ ಮೊದಲು ಅವನು ವಾಟ್ಸಾಪ್ ಗುಂಪು ಮಾಡಿದ್ದಕ್ಕೆ ಯಾವ ಕಾಂಡದಲ್ಲೂ ಆಧಾರವಿಲ್ಲ. ಜಾಂಬವಂತರಂಥ ಹಿರಿಯರು "ನಿನ್ನಿಂದಾಗುತ್ತೆ, ಏಳಯ್ಯಾ" ಎಂದರು, ಎದ್ದು ಹಾರಿದ. ನಮ್ಮ ಗುಂಪಿನಲ್ಲಿ ಹಾಗೆನ್ನುವ ಹಿರಿಯರಿಲ್ಲ. ಇರುವವರೆಲ್ಲ "ಮೊದಲು ಇನ್ಶೂರೆನ್ಸ್ ನೋಡಿ" ಎನ್ನುವವರು.

ಆದ್ದರಿಂದ ಗುರುಪರಂಪರೆಯನ್ನು ಬೇರೆಡೆ ಹುಡುಕಬೇಕು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜಾರ್ಜ್ ಪೋಕಾಕ್ ಎಂಬ ಮೇಷ್ಟ್ರು 1826ರಲ್ಲಿ ಗಾಳಿಪಟ ಎಳೆಯುವ ಗಾಡಿಗೆ ಪೇಟೆಂಟ್ ಪಡೆದರು. ಆ ಕಾಲದಲ್ಲಿ ಸುಂಕದ ಕಟ್ಟೆಯವರು ಕುದುರೆಗಳ ಲೆಕ್ಕದ ಮೇಲೆ ದುಡ್ಡು ಕೇಳುತ್ತಿದ್ದರಂತೆ. ಇವರ ಗಾಡಿಗೆ ಕುದುರೆಯೇ ಇಲ್ಲದ್ದರಿಂದ ಸುಂಕವೂ ಇಲ್ಲ. ಬೆಂಗಳೂರಿನಿಂದ ಮಧುರೈವರೆಗೆ ಫಾಸ್ಟ್‌ಟ್ಯಾಗ್ ಕುಂಯ್ಗುಟ್ಟುವಾಗೆಲ್ಲ ಈ ಮಹಾನುಭಾವರನ್ನು ನೆನೆಯತಕ್ಕದ್ದು. ಗಾಳಿ ತುಂಬಿಸಿ ಉಬ್ಬಿಸುವ, ನೀರಿಗೆ ಬಿದ್ದರೂ ಮತ್ತೆ ಏಳುವ ಪಟ ಬಂದದ್ದು ಫ್ರಾನ್ಸಿನ ಲೆಗಿನ್ಯೂ ಸಹೋದರರಿಂದ; ಅವರ ಪೇಟೆಂಟು 1984ರದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಈ ವಿದ್ಯೆಗೆ ಪದಕವೂ ದೊರೆಯಿತು. ಇದನ್ನು ಮನೆಯಲ್ಲಿ ಹೇಳಿದರೆ ಖರ್ಚಿನ ಪ್ರಶ್ನೆ ಸ್ವಲ್ಪ ಹೊತ್ತು ಹಿಂದೆ ಸರಿಯುತ್ತದೆ.

ಇನ್ನು ಕಾಲನಿರ್ಣಯ. ರಾಮೇಶ್ವರದಲ್ಲಿ ಗಾಳಿಗೆ ಎರಡು ಋತು. ಸುಮಾರು ಮೇಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದ್ದು, ಚಳಿಗಾಲದಲ್ಲಿ ಈಶಾನ್ಯದ್ದು. ನಮ್ಮ ಮತದಲ್ಲಿ ಆಷಾಢವೇ ಶ್ರೇಷ್ಠ, ಮತ್ತು ಇದಕ್ಕೆ ಕಾರಣ ಬರೀ ಗಾಳಿಯಲ್ಲ. ಆಷಾಢದಲ್ಲಿ ಮದುವೆ ಇಲ್ಲ, ಮುಂಜಿ ಇಲ್ಲ, ಗೃಹಪ್ರವೇಶ ಇಲ್ಲ. ಉಳಿದ ತಿಂಗಳುಗಳಲ್ಲಿ ಯಾವ ಶನಿವಾರ ಹಿಡಿದರೂ ಯಾರದೋ ಷಡ್ಡಕನ ಮಗಳ ಆರತಕ್ಷತೆ ಅಡ್ಡ ಬರುತ್ತದೆ. ಗುಂಪಿನಲ್ಲಿ ಹೊಸ ಮದುವಣಿಗನಿದ್ದರಂತೂ ಹೆಂಡತಿ ತವರಿಗೆ ಹೋಗಿರುತ್ತಾಳೆ. ಅತ್ತೆಯ ಮನೆಯ ಹೊಸ್ತಿಲು ತುಳಿಯುವಂತಿಲ್ಲ. ಅವನು ಬೇರೆಲ್ಲಿಗೆ ಹೋಗಬೇಕು? ನಮ್ಮ ಊರುಗಳಲ್ಲಿ ಗಾಳಿಪಟ ಹಾರಿಸುತ್ತ ಬಂದದ್ದೂ ಆಷಾಢದಲ್ಲೇ. ನಮ್ಮ ಕರಾವಳಿ ಆಗ ಮಳೆಯಲ್ಲಿ ತೊಪ್ಪೆಯಾಗಿದ್ದರೆ, ಘಟ್ಟದ ಮರೆಯಲ್ಲಿರುವ ರಾಮೇಶ್ವರದ ಕಡೆ ಒಣ ಗಾಳಿ. ಅಲ್ಲಿಗೆ ಮಳೆ ಬರುವುದು ಅಕ್ಟೋಬರ್ ಬಂದಮೇಲೆ.

ಗಾಳಿ ಇದೆಯೆಂದು ತಿಳಿಯುವುದು ಹೇಗೆ? ನಾಲ್ಕು ಪ್ರಮಾಣಗಳು. ಪ್ರತ್ಯಕ್ಷವೆಂದರೆ ದಡದಲ್ಲಿ ನಿಂತು ನೀರಿನ ಮೇಲೆ ಬಿಳಿನೊರೆ ನೋಡುವುದು. ಬ್ಯೂಫೋರ್ಟ್ ಎಂಬ ನೌಕಾಧಿಕಾರಿಯ ಮಾಪಕದಲ್ಲಿ ಬಿಳಿನೊರೆ ಮೇಲಿಂದ ಮೇಲೆ ಏಳುವುದಕ್ಕೆ 4ನೇ ಮೆಟ್ಟಿಲು, ಅಂದರೆ 11ರಿಂದ 16 ನಾಟ್. ಇದು ನಿರ್ದುಷ್ಟ ಪ್ರಮಾಣ. ಆದರೆ ಯೋಜನೆ ನಡೆಯುವುದು ಎಚ್‌ಎಸ್‌ಆರ್ ಲೇಔಟಿನಲ್ಲಿ. ಅನುಮಾನದ ಉದಾಹರಣೆ: ಬಾಲ್ಕನಿಯ ಟವೆಲ್ ಹಾರಿತು, ಆದ್ದರಿಂದ ರಾಮೇಶ್ವರದಲ್ಲಿ ಗಾಳಿಯಿದೆ. ಇದರಲ್ಲಿ ಹೇತ್ವಾಭಾಸವಿದೆಯೆಂದು ತಾರ್ಕಿಕರು ಒಪ್ಪಿದರೂ, ಈ ಹೇತುವಿನ ಮೇಲೆಯೇ ಟಿಕೆಟ್ ಬುಕ್ ಮಾಡಿದವರಿದ್ದಾರೆ. ಉಪಮಾನವೆಂದರೆ "ಹೋದ ವರ್ಷ ಇದೇ ವಾರ ಹೆಂಗಿತ್ತು ಗೊತ್ತಾ ಮಗಾ" ಎಂಬ ವಾಕ್ಯ. ಕೊನೆಯದು ಶಬ್ದಪ್ರಮಾಣ, ಅಂದರೆ ಮೊಬೈಲಿನ ಹವಾಮಾನ ಆ್ಯಪ್. ಇದರಲ್ಲಿ ಯುರೋಪಿನ ಮಾದರಿ, ಅಮೆರಿಕದ ಮಾದರಿ ಎಂದು ಎರಡು ಮಠಗಳು. ಒಂದು 18 ನಾಟ್ ಎಂದರೆ ಇನ್ನೊಂದು 11 ಎನ್ನುತ್ತದೆ. ಗುಂಪು ಎರಡಾಗಿ, ರಾತ್ರಿ ಒಂದು ಗಂಟೆಯವರೆಗೆ ವಾಕ್ಯಾರ್ಥ ನಡೆದು, ಬೆಳಿಗ್ಗೆ ಇಬ್ಬರು ಆಚಾರ್ಯರೂ ಸದ್ದಿಲ್ಲದೆ ಅಂಕಿಗಳನ್ನು ತಿದ್ದಿಕೊಂಡಿರುತ್ತಾರೆ. 18 ನಾಟ್ ಎಂದರೆ ಗಂಟೆಗೆ ಸುಮಾರು 33 ಕಿ.ಮೀ. ಒಂಬತ್ತರ ಪಟಕ್ಕೆ ಅದು ಸಾಕು. 11 ಬಂದರೆ ಹನ್ನೆರಡರ ಪಟ ಬೇಕು, ಅದು ಮನೆಯಲ್ಲಿದೆ.

ರಾಮೇಶ್ವರಕ್ಕೆ ದಾಟಿಸುವ ಪಾಂಬನ್ ಸೇತುವೆಯನ್ನು ಐದನೆಯ ಪ್ರಮಾಣವಾಗಿ ಸೇರಿಸಬೇಕೆಂಬುದು ನಮ್ಮ ಸ್ವಂತ ಮತ. 1914ರಲ್ಲಿ ತೆರೆದ ಹಳೆಯ ರೈಲು ಸೇತುವೆಯಲ್ಲಿ ಗಾಳಿ ಗಂಟೆಗೆ 58 ಕಿ.ಮೀ. ದಾಟಿದರೆ ರೈಲು ನಿಲ್ಲಿಸುವ ವ್ಯವಸ್ಥೆಯಿತ್ತು. ನಾಟಿನ ಲೆಕ್ಕದಲ್ಲಿ 31. ರೈಲ್ವೆ ಇಲಾಖೆಯೇ ಕೈಮುಗಿದು ನಿಲ್ಲುವ ಗಾಳಿಯಲ್ಲಿ ಎಪ್ಪತ್ತು ಕಿಲೋದ ಮನುಷ್ಯ ಬಟ್ಟೆ ಕಟ್ಟಿಕೊಂಡು ಇಳಿಯಬೇಕೇ ಎಂಬುದಕ್ಕೆ ಇನ್ನೇನು ಪ್ರಮಾಣ ಬೇಕು? ಈಗ ಪಕ್ಕದಲ್ಲೇ ಲಿಫ್ಟಿನಂತೆ ಮೇಲೇಳುವ ಹೊಸ ಸೇತುವೆ ಬಂದಿದೆ. 2025ರ ಏಪ್ರಿಲಿನಲ್ಲಿ ಉದ್ಘಾಟನೆಯಾಯಿತು.

ದೇಶಪ್ರಕರಣ ಸ್ವಲ್ಪ ತೊಡಕಿನದು. ರಾಮೇಶ್ವರ ದ್ವೀಪದಿಂದ ಆಗ್ನೇಯಕ್ಕೆ ಬೆರಳು ಚಾಚಿದಂತೆ ಧನುಷ್ಕೋಟಿಯ ಮರಳಪಟ್ಟಿ. ಒಂದು ಬದಿಗೆ ಪಾಕ್ ಕೊಲ್ಲಿ, ಇನ್ನೊಂದು ಬದಿಗೆ ಮನ್ನಾರ್ ಕೊಲ್ಲಿ. ಗಾಳಿ ಮರಳು ದಾಟಿ ಬರುವ ಬದಿಯಲ್ಲಿ ಅಲೆಯೇಳದೆ ನೀರು ಸಪಾಟಾಗಿರುತ್ತದೆ. ಕಲಿಯುವವರಿಗೆ ಆಸೆ ಹುಟ್ಟಿಸುವುದೇ ಅದು. ಆದರೆ ದಡದಿಂದ ನೀರಿನತ್ತ ಬೀಸುವ ಗಾಳಿ ಮನುಷ್ಯನನ್ನೂ ಅತ್ತಲೇ ಒಯ್ಯುತ್ತದೆ. ಆಷಾಢದಲ್ಲಿ ಉತ್ತರ ಬದಿಗೆ ಇಳಿದು ಪಟದ ಮಾತು ಕೇಳುತ್ತ ಹೋದವನಿಗೆ ಮುಂದೆ ಸಿಗುವುದು 1974ರ ಒಪ್ಪಂದದಲ್ಲಿ ಗೆರೆ ಎಳೆದ ಭಾರತ-ಶ್ರೀಲಂಕಾ ಕಡಲಗಡಿ. ಪಾಸ್‌ಪೋರ್ಟನ್ನು ಹಾರ್ನೆಸ್ಸಿಗೆ ಕಟ್ಟಿಕೊಳ್ಳಬೇಕೆಂದು ಒಬ್ಬ ಸದಸ್ಯರ ಸಲಹೆ. ರಕ್ಷಣೆಗೆ ದೋಣಿ ಇಟ್ಟುಕೊಂಡ ಪಟಾರೋಹಣ ಶಾಲೆಯವರ ಜೊತೆಗಲ್ಲದೆ ಇಳಿಯಬಾರದೆಂಬುದು ಸಿದ್ಧಾಂತ.

ಈ ಪಟ್ಟಿಯ ಮೇಲೆ ಒಂದು ಪಟ್ಟಣವಿತ್ತು. ಮದ್ರಾಸಿನಿಂದ ಬಂದ ಬೋಟ್ ಮೇಲ್ ರೈಲು ಇಲ್ಲಿ ಇಳಿಸಿದವರನ್ನು ಹಡಗು ತಲೈಮನ್ನಾರಿಗೆ ದಾಟಿಸುತ್ತಿತ್ತು. 1964ರ ಡಿಸೆಂಬರ್ 22ರ ರಾತ್ರಿ ಚಂಡಮಾರುತ ಬಂತು. ಪಾಂಬನ್ನಿನಿಂದ ಹೊರಟ ಪ್ಯಾಸೆಂಜರ್ ರೈಲು ನೂರಕ್ಕೂ ಹೆಚ್ಚು ಜನರೊಂದಿಗೆ ಕೊಚ್ಚಿಹೋಯಿತು. ಆಮೇಲೆ ಊರು ವಾಸಕ್ಕೆ ಯೋಗ್ಯವಲ್ಲವೆಂದು ಸರ್ಕಾರ ಘೋಷಿಸಿತು. ಹವಳದ ಕಲ್ಲಿನ ಚರ್ಚಿನ ಗೋಡೆ ಇನ್ನೂ ನಿಂತಿದೆ. ಅಣಕಕ್ಕೆ ಇಲ್ಲಿ ಜಾಗವಿಲ್ಲ. ಆ ಗೋಡೆಗೆ ಒದ್ದೆ ಪಟ ಒರಗಿಸಿ ಒಣಗಿಸಬಾರದೆಂಬ ಒಂದೇ ನಿಯಮವನ್ನು ಬರೆದು ಮುಂದೆ ಹೋಗುತ್ತೇವೆ.

ದ್ರವ್ಯಪ್ರಕರಣದಲ್ಲಿ ಪಂಪೇ ನಾಯಕ. ಪಟವನ್ನು ಮರಳಿನ ಮೇಲೆ ಹಾಸಿ ಅದರ ಮುಂದಿನ ಅಂಚಿನ ಕೊಳವೆಗೆ ಗಾಳಿ ಒತ್ತಬೇಕು. ಪಟವನ್ನು ಪಂಪಿಗೆ ಸಿಕ್ಕಿಸಿಕೊಂಡಿರದಿದ್ದರೆ ಅರ್ಧ ತುಂಬುವಾಗಲೇ ಅದು ಒಬ್ಬಂಟಿಯಾಗಿ ಯಾತ್ರೆ ಹೊರಡುತ್ತದೆ. ಸಾಕಾಯಿತೇ ಎಂದು ನೋಡಲು ಬೆರಳಿನಿಂದ ಚಿಮ್ಮಬೇಕು: ಟಣ್ ಎಂದರೆ ಸರಿ, ದಬ್ ಎಂದರೆ ಸೊಂಟ ಮತ್ತೆ ಬಗ್ಗಲಿ. ಆಮೇಲೆ ಮಗುಚಿ, ಕೊಳವೆಯನ್ನು ಗಾಳಿಗೆ ಎದುರು ಮಾಡಿ, ಮೇಲೆ ಬೊಗಸೆ ಬೊಗಸೆ ಮರಳು ಸುರಿದು ಕೂರಿಸಬೇಕು. ಇಪ್ಪತ್ತು ಮೀಟರಿಗೂ ಮಿಗಿಲಾದ ನಾಲ್ಕು ದಾರಗಳನ್ನು ಬೆರಳ ಸಂದಿಯಲ್ಲಿ ಹಿಡಿದು ಸಿಕ್ಕು ಬಿಡಿಸುತ್ತ ನಡೆಯಬೇಕು. ಎಡದ್ದು ಬಲಕ್ಕೆ ಹೋದರೆ ಪಟ ಏಳುತ್ತಲೇ ಗಿರಗಿರನೆ ತಿರುಗಿ ಯಜಮಾನನನ್ನು ನೆಲದ ಮೇಲೆ ಎಳೆದಾಡುತ್ತದೆ. ಉಳಿದ ಸಾಮಾನು, ಅಂದರೆ ಹಲಗೆ, ಹಾರ್ನೆಸ್, ಹೆಲ್ಮೆಟ್ ಒಟ್ಟಾಗಿ ಆಳುದ್ದದ ಚೀಲವಾಗುತ್ತವೆ. ವಿಮಾನ ನಿಲ್ದಾಣದಲ್ಲಿ "ಏನ್ ಸಾರ್ ಇದು?" ಎಂದು ಕೇಳುವವರಿಗೆ "ಗಾಳಿಪಟ" ಎಂದು ನಿಜ ಹೇಳಿದರೆ ಚೀಲ ಬಿಚ್ಚಿಸುತ್ತಾರೆ.

ಇಷ್ಟೆಲ್ಲ ಆದಮೇಲೂ ಗಾಳಿ ಬಾರದ ದಿನವೊಂದು ಇದ್ದೇ ಇರುತ್ತದೆ. ಆ ನಿರ್ವಾತ ಪ್ರಕರಣಕ್ಕೆ ನಮಗೆ ಆಪ್ತವಾಕ್ಯ ದೊರೆತದ್ದು ಬಸವನಗುಡಿಯ ಚಿಕ್ಕಮ್ಮನಿಂದ.

"ಹೇಗೂ ರಾಮೇಶ್ವರಕ್ಕೆ ಹೋಗ್ತಿದ್ದೀಯಲ್ಲೋ, ಒಂದು ಹಿಡಿ ಮರಳು ತಂದ್ಬಿಡು. ಮುಂದಿನ ವರ್ಷ ನಾವು ಕಾಶಿಗೆ ಹೋಗೋರಿದ್ದೀವಿ."

"ಚಿಕ್ಕಮ್ಮ, ನಾನು ಹೋಗ್ತಿರೋದು ಯಾತ್ರೆಗಲ್ಲ."

"ಸಮುದ್ರಕ್ಕೆ ಇಳೀತೀಯಾ ತಾನೇ? ಇಳಿದ್ರೆ ಯಾತ್ರೆನೇ. ಹಾಗೇ ಒಳಗಿನ ಇಪ್ಪತ್ತೆರಡು ತೀರ್ಥನೂ ಮುಗಿಸ್ಕೊಂಡು ಬಾ."

ಹೀಗಾಗಿ ಗಾಳಿಯಿಲ್ಲದ ದಿನ ದೇವಸ್ಥಾನದ ತೀರ್ಥಸ್ನಾನಕ್ಕೆ ಮೀಸಲು. ಬಾವಿಯಿಂದ ಬಾವಿಗೆ ತೊಟ್ಟಿಕ್ಕುತ್ತ ಓಡಬೇಕು. ಬಾವಿಕಟ್ಟೆಯ ಮೇಲೆ ನಿಂತವರು ಸೇದಿದ ನೀರನ್ನು ತಲೆಯ ಮೇಲೆ ಸುರಿಯುತ್ತಾರೆ. ಇಲ್ಲೊಂದು ಸೂಕ್ಷ್ಮವಿದೆ. ಮೊಬೈಲು, ಚಪ್ಪಲಿ ಕಾಯಲು ಒಬ್ಬನನ್ನು ಹೊರಗೆ ಕೂರಿಸಿರುತ್ತೇವೆ. ಉಳಿದವರು ಏಳನೆಯ ಬಾವಿಯಲ್ಲಿರುವಾಗ ಹೊರಗಿನವನಿಗೆ ಗಾಳಿ ಎದ್ದದ್ದು ತಿಳಿಯುತ್ತದೆ. ಒಳಗೆ ಬಂದು ಹೇಳೋಣವೆಂದರೆ ಕೈಯಲ್ಲಿ ಐದು ಮೊಬೈಲು. ಒಂದು ವೇಳೆ ಸುದ್ದಿ ಮುಟ್ಟಿದರೆ, ಉಳಿದ ಹದಿನೈದನ್ನು ಬಿಟ್ಟು ಓಡಬಹುದೇ? ಈ ಪ್ರಶ್ನೆಯನ್ನು ಫೋನಿನಲ್ಲಿ ಚಿಕ್ಕಮ್ಮನ ಮುಂದಿಟ್ಟೆವು.

"ಮುಗಿಸಿಯೇ ಹೋಗ್ರೋ. ಗಾಳಿ ಎಲ್ಲಿಗೆ ಹೋಗುತ್ತೆ?"

ಆಷಾಢದಲ್ಲಿ ಈಶಾನ್ಯಕ್ಕೆ, ಪುಷ್ಯಮಾಸದಲ್ಲಿ ನೈಋತ್ಯಕ್ಕೆ. ಎಷ್ಟು ಹೊತ್ತಿಗೆ ಹೋಗುತ್ತದೆಂಬುದರಲ್ಲಿ ಮಾತ್ರ ಎರಡೂ ಮಠಗಳಿಗೆ ಭಿನ್ನಾಭಿಪ್ರಾಯವಿದೆ.