ಗುಜರಿ ಯೋಗ

ನಮ್ಮವರಿಗೆ ಕುಡಿತವಿಲ್ಲ, ಸಿಗರೇಟಿಲ್ಲ, ಎಲೆಅಡಿಕೆಯೂ ಮದುವೆಮನೆ ಊಟವಾದ ಮೇಲೆ ಮಾತ್ರ. ಸಂಬಂಧ ನೋಡುವ ಕಾಲಕ್ಕೆ ನಮ್ಮಪ್ಪ ಮೈಸೂರಿನಿಂದ ತೀರ್ಥಹಳ್ಳಿವರೆಗೆ ಬಸ್ಸಿನಲ್ಲಿ ಹೋಗಿ, ನಾಲ್ಕಾರು ಜನರನ್ನು ಮಾತಾಡಿಸಿ, ಇದನ್ನೆಲ್ಲ ಖಾತ್ರಿ ಮಾಡಿಕೊಂಡೇ ಬಂದಿದ್ದರು. ಹುಡುಗ ಗುಜರಿ ಅಂಗಡಿಗೆ ಹೋಗುತ್ತಾನೆಯೇ ಎಂದು ಮಾತ್ರ ಕೇಳಿರಲಿಲ್ಲ. ಯಾವ ಹೆಣ್ಣು ಹೆತ್ತವರು ತಾನೆ ಕೇಳುತ್ತಾರೆ?

ನಾವಿರುವುದು ಟೋಕಿಯೊದ ನಿಶಿಕಸಾಯಿಯಲ್ಲಿ. ಇಂಡಿಯಾದ ಸಾಫ್ಟ್‌ವೇರಿನವರು ಹೆಚ್ಚಾಗಿರುವ ಬಡಾವಣೆ. ತೊಗರಿಬೇಳೆ, ಇಂಗು ಮುಗಿದರೆ ಚಪ್ಪಲಿ ಮೆಟ್ಟಿಕೊಂಡು ಹೋಗಿ ತರಬಹುದು. ಮನೆ ಮಾತ್ರ ಎರಡೇ ಕೋಣೆಯದು. ನಾನು ಉಪ್ಪಿನಕಾಯಿ ಬಾಟಲಿಗೆ ಜಾಗ ಹುಡುಕುವಷ್ಟರಲ್ಲಿ ನಮ್ಮವರು ಕಪಾಟಿನ ಎರಡು ಖಾನೆಗಳಲ್ಲಿ ತಮ್ಮ ಹಳೇ ಅಂಗೈ ವಿಡಿಯೋ ಗೇಮ್ ಯಂತ್ರಗಳಾದ ಗೇಮ್ ಬಾಯ್‌ಗಳನ್ನು ಸಾಲಾಗಿ ಮಲಗಿಸಿ ಆಗಿತ್ತು.

ಎಲೆಕ್ಟ್ರಾನಿಕ್ ಸಾಮಾನಿನ ಪೇಟೆಯಾದ ಅಕಿಹಾಬಾರಾದಲ್ಲಿ ಇವೆಲ್ಲ ಗಾಜಿನ ಪೆಟ್ಟಿಗೆಯೊಳಗೆ, ಒಡವೆ ಅಂಗಡಿಯ ಬೆಲೆ ಚೀಟಿ ಹೊತ್ತು ಕೂತಿರುತ್ತವೆ. ನಮ್ಮವರು ಅಲ್ಲಿಗೆ ಹೋಗುವುದು ದರ್ಶನಕ್ಕೆ; ಖರೀದಿಯೆಲ್ಲ ಹಾರ್ಡ್ ಆಫ್‌ನಲ್ಲಿ. ಅದು ಹಳೇ ಸಾಮಾನು ಮಾರುವ ಅಂಗಡಿ. ಒಳಗೆ ಜಂಕ್ ಎಂಬ ಒಂದು ಮೂಲೆ, ಅಲ್ಲಿ ನೀಲಿ ಬುಟ್ಟಿಗಳು. ವೈರು, ಒಡೆದ ರಿಮೋಟು, ಸತ್ತ ಕ್ಯಾಮೆರಾಗಳ ನಡುವೆ ಕೈಯಾಡಿಸಿದರೆ ಒಮ್ಮೊಮ್ಮೆ ಹಳದಿ ತಿರುಗಿದ ಗೇಮ್ ಬಾಯ್ ಸಿಗುತ್ತದೆ. ಷರತ್ತು ಒಂದೇ: ಕೆಲಸ ಮಾಡಿದರೆ ನಿಮ್ಮ ಪುಣ್ಯ, ಮಾಡದಿದ್ದರೆ ವಾಪಸು ತೆಗೆದುಕೊಳ್ಳುವುದಿಲ್ಲ. ನನ್ನ ಮದುವೆಯಲ್ಲೂ ಇದೇ ಷರತ್ತಿತ್ತು, ಆದ್ದರಿಂದ ನನಗೆ ಹೊಸದೆನಿಸಲಿಲ್ಲ.

ಮನೆಗೆ ತಂದ ಮೇಲೆ ಉಪಚಾರ ಶುರು. ಹಿಂದಿನ ಮಾಲೀಕ ಸೆಲ್ಲು ತೆಗೆಯದೆ ಬಿಟ್ಟಿರುತ್ತಾನೆ. ಅದು ಸೋರಿ, ಒಳಗಿನ ಸ್ಪ್ರಿಂಗಿಗೆಲ್ಲ ನೀಲಿ ಹಸಿರು ಕಿಲುಬು. ಅದಕ್ಕೆ ನನ್ನ ಅಡುಗೆಮನೆಯ ವಿನಿಗರ್. ಕಾರ್ಟ್ರಿಜ್‌ನ ಹಲ್ಲಿಗೆ ಸ್ಪಿರಿಟ್ಟು, ಹತ್ತಿಕಡ್ಡಿ. ಚಿಕ್ಕಂದಿನಲ್ಲಿ ವಿಡಿಯೋ ಗೇಮ್ ಕ್ಯಾಸೆಟ್ಟಿಗೆ ನಾವೆಲ್ಲ ಬಾಯಿಂದ ಉಫ್ ಎಂದು ಊದಿ ಹಾಕುತ್ತಿದ್ದೆವಲ್ಲ, ಅದು ಮಹಾಪರಾಧವಂತೆ. ಉಗುಳಿನ ತೇವಕ್ಕೆ ಲೋಹ ತುಕ್ಕು ಹಿಡಿಯುತ್ತದಂತೆ. ಇದನ್ನು ಹೇಳುವ ಇವರು ಬಿಸಿ ಕಾಫಿಗೆ ಇವತ್ತಿಗೂ ಊದಿಯೇ ಕುಡಿಯುವುದು.

ಯುಗಾದಿಗೆ ಒಬ್ಬಟ್ಟಿನ ಊಟಕ್ಕೆ ಕರೆದ ಕನ್ನಡದವರಿಗೆಲ್ಲ, ಎರಡನೇ ಒಬ್ಬಟ್ಟು ಎಲೆಗೆ ಬೀಳುವ ಮೊದಲು ಗುನ್‌ಪೆ ಯೊಕೊಯಿ ಚರಿತ್ರೆ ಬೀಳುತ್ತದೆ. ಈ ಮಹಾನುಭಾವ 1965ರಲ್ಲಿ ಕ್ಯೋಟೊದ ನಿಂಟೆಂಡೊ ಕಂಪನಿಗೆ ಸೇರಿದ್ದು ಯಂತ್ರಗಳ ದುರಸ್ತಿ ಕೆಲಸಕ್ಕೆ. ಒಮ್ಮೆ ರೈಲಿನಲ್ಲಿ ಯಾರೋ ಬೇಸರ ಕಳೆಯಲು ಕ್ಯಾಲ್ಕುಲೇಟರ್ ಗುಂಡಿ ಒತ್ತುತ್ತ ಕೂತಿದ್ದನ್ನು ಕಂಡನಂತೆ. ಅದರಿಂದ 1980ರಲ್ಲಿ ಗೇಮ್ ಅಂಡ್ ವಾಚ್ ಎಂಬ ಅಂಗೈ ಆಟ ಹುಟ್ಟಿತು. 1989ರ ಏಪ್ರಿಲ್ 21ಕ್ಕೆ ಅವನ ತಂಡದ ಗೇಮ್ ಬಾಯ್, ಬೆಲೆ 12,500 ಯೆನ್. ಬಣ್ಣವಿಲ್ಲ, ದೀಪವಿಲ್ಲ, ಪಾಚಿ ಬಣ್ಣದ ಪರದೆಯಲ್ಲಿ ನಾಲ್ಕೇ ಛಾಯೆ. ಅದೇ ವರ್ಷ ಅಮೆರಿಕದಲ್ಲಿ ಬಣ್ಣದ ಪರದೆಯ ಅಟಾರಿ ಲಿಂಕ್ಸ್ ಬಂತು, ಮುಂದಿನ ವರ್ಷ ಇಲ್ಲೇ ಸೆಗಾದವರ ಗೇಮ್ ಗಿಯರ್ ಬಂತು. ಎರಡಕ್ಕೂ ಆರಾರು ಸೆಲ್ಲು, ಕೆಲವೇ ಗಂಟೆಗಳಲ್ಲಿ ಖಾಲಿ. ಗೇಮ್ ಬಾಯ್ ನಾಲ್ಕು ಸೆಲ್ಲಿನಲ್ಲಿ 15 ಗಂಟೆಯವರೆಗೂ ಎಳೆಯುತ್ತಿತ್ತು, ಬೆಲೆಯೂ ಕಮ್ಮಿ. ಆಮೇಲೆ ಬಂದ ಬಣ್ಣದ ಗೇಮ್ ಬಾಯ್ ಸೇರಿಸಿ 11 ಕೋಟಿ 80 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು.

"ಹೊಸದರ ಹಿಂದೆ ಓಡಬಾರದು. ಎಲ್ಲರೂ ಬಳಸಿ ಹಳತಾದ, ಅಗ್ಗವಾದ ಸಾಮಾನನ್ನೇ ಯಾರೂ ಯೋಚಿಸದ ರೀತಿ ಉಪಯೋಗಿಸಬೇಕು. ಇದು ಯೊಕೊಯಿ ಸಿದ್ಧಾಂತ" ಎಂದು ಇವರು ಕೈ ಎತ್ತಿ ಘೋಷಿಸಿದರು.

"ರಾತ್ರಿ ಉಳಿದ ಅನ್ನಕ್ಕೆ ಬೆಳಗ್ಗೆ ಚಿತ್ರಾನ್ನದ ಒಗ್ಗರಣೆ ಹಾಕ್ತೀನಲ್ಲ, ಅದೇ ತಾನೇ ರೀ?" ಎಂದೆ. ಬಂದವರು ನಕ್ಕರು. ಇವರು ನಗಲಿಲ್ಲ. ಬೆಳಗ್ಗೆ ಅದೇ ಚಿತ್ರಾನ್ನ ನೋಡಿ "ಮತ್ತೆ ಇದೇನಾ?" ಎಂದು ಮುಖ ಸಿಂಡರಿಸುವವರು ಯಾರು ಎಂಬುದನ್ನು ನಾನು ಅತಿಥಿಗಳ ಮುಂದೆ ಎತ್ತಲಿಲ್ಲ.

ಮಗನಿಗೆ ಅಪ್ಪನ ಪುರಾಣ ಹಿಡಿಸದು. "ಏನೂ ಕಾಣಲ್ಲಪ್ಪ" ಎಂದು ಒಂದೇ ಮಾತಿಗೆ ಕೈಗೆ ಕೊಟ್ಟಿದ್ದನ್ನು ವಾಪಸು ಕೊಟ್ಟ. ನಿಜಕ್ಕೂ ಕಾಣುವುದಿಲ್ಲ. ಪರದೆಯಲ್ಲಿ ದೀಪ ಇಲ್ಲದ ಕಾರಣ ಇವರು ಬೆಳಗ್ಗೆ ಬಾಲ್ಕನಿಯಲ್ಲಿ, ಮಧ್ಯಾಹ್ನ ಒಗೆದ ಬಟ್ಟೆ ಸರಿಸಿ ಕಿಟಕಿಯಲ್ಲಿ, ಸಂಜೆ ನನ್ನ ಒಲೆಯ ಮೇಲಿನ ದೀಪದ ಕೆಳಗೆ ನಿಂತು ಆಡುತ್ತಾರೆ. ದೀಪವಿರುವ ಗೇಮ್ ಬಾಯ್ ಲೈಟ್ 1998ರಲ್ಲಿ ಜಪಾನಿಗೆ ಮಾತ್ರ ಬಂದಿತ್ತು. ಅದು ನೀಲಿ ಬುಟ್ಟಿಗೆ ಬೀಳುವ ಜಾತಿಯದಲ್ಲ. ನನ್ನ ಮೆಚ್ಚಿನದು ವಂಡರ್‌ಸ್ವಾನ್. ನಿಂಟೆಂಡೊ ಬಿಟ್ಟ ಮೇಲೆ ಯೊಕೊಯಿ ಬಂದಾಯ್ ಕಂಪನಿಗಾಗಿ ಮಾಡಲು ಹೊರಟಿದ್ದು. 1997ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ, ಯಂತ್ರ ಬಂದದ್ದು 1999ರಲ್ಲಿ. ಅದಕ್ಕೆ ಒಂದೇ ಸೆಲ್ಲು. ಸಂಸಾರ ಮಾಡಿದವರಿಗೆ ಗೊತ್ತಾಗುವ ಗುಣ ಅದು.

ಕಾಲ್ಪನಿಕ ಪ್ರಾಣಿಗಳನ್ನು ಹಿಡಿಯುವ ಹಳೇ ಪೋಕೆಮಾನ್ ಆಟದ ಕಾರ್ಟ್ರಿಜ್‌ಗಳ ಒಳಗೆ ಒಂದು ಪುಟ್ಟ ಬಿಲ್ಲೆ ಸೆಲ್ಲು ಇರುತ್ತದೆ. ಆಡಿ ನಿಲ್ಲಿಸಿದ ಆಟ ನೆನಪಿರುವುದು ಅದರ ಬಲದಿಂದಲೇ. ಸೆಲ್ಲು ಸತ್ತರೆ ಆಟವೂ ಹೋಯಿತು. ಬುಟ್ಟಿಯಲ್ಲಿ ಸಿಕ್ಕಿದ್ದೊಂದರ ಬೆನ್ನ ಮೇಲೆ ಯಾವುದೋ ಮಗು ಮಾರ್ಕರಿನಲ್ಲಿ ಹೆಸರು ಬರೆದಿತ್ತು. ಹಾಕಿ ನೋಡಿದರೆ ಅದರ ಆಟ ಇನ್ನೂ ಹಾಗೇ ಇತ್ತು. ಹೊಸ ಸೆಲ್ಲು ಹಾಕಲು ಹಳೆಯದನ್ನು ಕಿತ್ತರೆ ಅದೆಲ್ಲ ಅಳಿಸಿಹೋಗುತ್ತದೆಂದು ಇವರು ಮುಟ್ಟುವುದೇ ಇಲ್ಲ. "ಪಾಪ, ಎಷ್ಟು ಕಷ್ಟಪಟ್ಟು ಹಿಡಿದಿದೆ ನೋಡೇ." ಆ ಮಗುವಿಗೆ ಈಗ ಬೊಜ್ಜು ಬಂದು ತಲೆಕೂದಲು ಉದುರಿರುತ್ತದೆ. ಸ್ವಂತ ಮಗ ಎಷ್ಟನೇ ತರಗತಿ ಎಂದು ಕೇಳಿದರೆ ಇವರು ಈಗಲೂ ನನ್ನ ಮುಖ ನೋಡುತ್ತಾರೆ.

ಅಷ್ಟರಲ್ಲಿ ಅತ್ತೆ ಬಂದರು. ತೊಂಬತ್ತು ದಿನದ ವೀಸಾ, ಎರಡು ಸೂಟ್‌ಕೇಸು, ಅದರಲ್ಲಿ ಒಂದು ಪೂರ್ತಿ ಹಪ್ಪಳ. ಬಂದ ವಾರದಲ್ಲೇ ಒಂದು ಮಧ್ಯಾಹ್ನ ಮೂಗು ಹಿಡಿದುಕೊಂಡು ಅಡುಗೆಮನೆಗೆ ಬಂದು ನಿಂತರು.

"ಎಂತದೇ ಇದು ಮಾರಾಯ್ತಿ? ಮನೇಲಿ ಮೀನು ಹುರಿತಿದ್ದೀಯಾ?"

ಒಲೆಯ ಮೇಲಿದ್ದದ್ದು ಸೌತೆಕಾಯಿ ಹುಳಿ. ಆದರೆ ವಾಸನೆ ಮೀನಿನದೇ. ಅತ್ತೆಯ ಸಂಶಯ ಮೊದಲು ಕೆಳಗಿನ ಮನೆಯವರ ಮೇಲೆ ಹೋಯಿತು. ಕಿಟಕಿ ಮುಚ್ಚಿಸಿದರು, ಊದಿನಕಡ್ಡಿ ಹಚ್ಚಿದರು. ಮುಚ್ಚಿದಷ್ಟೂ ವಾಸನೆ ಜಾಸ್ತಿ. ಕೊನೆಗೆ ಮೂಗಿನ ಜಾಡು ಹಿಡಿದು ಹೋಗಿ ಮಗನ ಕೋಣೆಯ ಬಾಗಿಲು ತೆಗೆದರೆ, ಇವರು ಸಾಲ್ಡರಿಂಗ್ ಐರನ್ ಹಿಡಿದು ಹಳೆಯದೊಂದು ಬಣ್ಣದ ಪರದೆಯ ಯಂತ್ರದ ಹೊಟ್ಟೆ ಬಗೆದು ಕೂತಿದ್ದರು. ಯಾವ ಕಂಪನಿಯದೆಂದು ಹೇಳುವುದು ಬೇಡ, ಇವರಿಗೆ ಬೇಜಾರಾಗುತ್ತದೆ. ಆ ಕಾಲದ ಕೆಪ್ಯಾಸಿಟರುಗಳು ವಯಸ್ಸಾದ ಮೇಲೆ ಒಳಗೇ ಸೋರುತ್ತವೆ. ಆ ರಸಕ್ಕೆ ಬಿಸಿ ತಾಗಿದರೆ ಏಳುವುದು ಸಾಕ್ಷಾತ್ ಮೀನಿನ ವಾಸನೆ. ರಿಪೇರಿಯವರಿಗೆಲ್ಲ ಗೊತ್ತಿರುವ ವಿಷಯವಂತೆ. ಅತ್ತೆ ರಿಪೇರಿಯವರಲ್ಲವಲ್ಲ. ಆ ಕೋಣೆಗೆ ನೀರು ಚಿಮುಕಿಸಿ, ತಮ್ಮ ಮಗನನ್ನು ಸ್ನಾನಕ್ಕೆ ಅಟ್ಟಿದರು.

ನಿಂಟೆಂಡೊ ಮೇಲೆ ಅವರಿಗೆ ಅಂಥ ಕೋಪವಿರಲಿಲ್ಲ, ಮೊಮ್ಮಗ ಬಾಯಿ ಬಿಡುವವರೆಗೆ. "ಅಜ್ಜಿ, ಇದು 1889ರಲ್ಲಿ ಶುರುವಾದ ಕಂಪನಿ. ಮೊದಲು ಕಾರ್ಡ್ಸ್ ಮಾಡ್ತಿದ್ರು."

"ಕಾರ್ಡ್ಸ್ ಅಂದ್ರೆ?"

"ಇಸ್ಪೀಟು" ಎಂದೆ ನಾನು. ಹೇಳಬಾರದಿತ್ತು ಎನ್ನುವವರು ಅನ್ನಲಿ. ಆ ಕ್ಷಣದ ಇವರ ಮುಖ ನೋಡಬೇಕಿತ್ತು.

ನಮ್ಮ ಮಾವನವರ ಅಣ್ಣ ಇಸ್ಪೀಟಿನಲ್ಲಿ ಹೊಳೆ ಬದಿಯ ಅಡಿಕೆ ತೋಟ ಕಳೆದವರು. ಆ ತೋಟದ ಲೆಕ್ಕ ಮನೆಯಲ್ಲಿ ಇವತ್ತಿಗೂ ಚುಕ್ತಾ ಆಗಿಲ್ಲ. ಅತ್ತೆ ಕಪಾಟಿನ ಕಡೆ ಒಮ್ಮೆ, ಮಗನ ಕಡೆ ಒಮ್ಮೆ ನೋಡಿ, "ರಕ್ತದಲ್ಲಿ ಬಂದದ್ದು" ಎಂದಷ್ಟೇ ಹೇಳಿ ಜಪಕ್ಕೆ ಕೂತರು. ಇವರು ಮಾರನೆಯ ದಿನ ಸಮಾಧಾನಕ್ಕೆಂದು ಅದೇ ಕಂಪನಿಯ ಹನಫುದಾ ಎಲೆಗಳ ಪೆಟ್ಟಿಗೆ ತಂದಿಟ್ಟರು. ಹೆಬ್ಬೆರಳಗಲದ ನಲವತ್ತೆಂಟು ಎಲೆ, ಹನ್ನೆರಡು ತಿಂಗಳಿಗೆ ಹನ್ನೆರಡು ಗಿಡ ಅಥವಾ ಹೂವು, ತಿಂಗಳಿಗೆ ನಾಲ್ಕು ಎಲೆ. ರಾಜನಿಲ್ಲ, ರಾಣಿಯಿಲ್ಲ, ಗುಲಾಮನಿಲ್ಲ. ಅತ್ತೆ ಕನ್ನಡಕ ಹಾಕಿಕೊಂಡು ಸೇವಂತಿಗೆ ಗುರುತಿಸಿದರು. "ಇದು ಹೂವಿನ ಚಿತ್ರ, ಇಸ್ಪೀಟಲ್ಲ" ಎಂದು ತೀರ್ಪಾಯಿತು. ಆಮೇಲೆ ದಿನಾ ಸಂಜೆ ಅಜ್ಜಿ ಮೊಮ್ಮಗ ಚಾಪೆ ಹಾಕಿ ಕೂರುತ್ತಿದ್ದರು, ಪಣಕ್ಕೆ ಗೋಡಂಬಿ.

ಆಯುಧಪೂಜೆ ಬಂತು. ಕುಡುಗೋಲು, ಕತ್ತಿ, ಸ್ಕೂಟರು ಯಾವುದೂ ಇಲ್ಲದ ಮನೆ. ನಾನು ಈಳಿಗೆಮಣೆ, ಕುಕ್ಕರು, ಮಿಕ್ಸಿ ತೊಳೆದಿಟ್ಟೆ. ಅತ್ತೆಗೆ ಅಷ್ಟು ಸಾಲದಾಯಿತು. ಇವರು ಆಫೀಸಿನಿಂದ ಬರುವಷ್ಟರಲ್ಲಿ ಕಪಾಟಿನ ಖಾನೆಗಳೆರಡೂ ಖಾಲಿ. ಗೇಮ್ ಬಾಯ್‌ಗಳೆಲ್ಲ ಮಣೆಯ ಮೇಲೆ, ಒಂದೊಂದರ ಹಣೆಗೂ ಗಂಧ, ಕುಂಕುಮ, ಅಕ್ಷತೆ. ಸ್ಪೀಕರಿನ ಸಣ್ಣ ಸೀಳುಗಳ ಮೇಲೆ ಕುಂಕುಮ ಧಾರಾಳವಾಗಿಯೇ ಬಿದ್ದಿತ್ತು.

ಇವರು ಚೀಲ ಕೆಳಗಿಡದೆ ಹತ್ತಿಕಡ್ಡಿ ಡಬ್ಬಿಗೆ ಕೈ ಹಾಕಿದರು.

"ಮುಟ್ಟಬೇಡ" ಎಂದರು ಅತ್ತೆ. "ಪೂಜೆಗಿಟ್ಟದ್ದು. ನಾಳೆ ವಿಜಯದಶಮಿಗೆ ಮಂಗಳಾರತಿ ಆಗೋ ತನಕ ಯಾರೂ ತೆಗೆಯೋ ಹಾಗಿಲ್ಲ."

"ಅಮ್ಮಾ, ಒಳಗೆ ಹೋದ್ರೆ ಕಷ್ಟ..."

"ಎಂತ ಕಷ್ಟ? ಮೂವತ್ತು ವರ್ಷ ಯಾರ್ಯಾರದೋ ಮನೇಲಿ ಬಿದ್ದಿದ್ದು. ಒಂದು ದಿನ ದೇವರ ಮುಂದೆ ಕೂರಲಿ."

ನಾನು ಮಧ್ಯೆ ಬಾಯಿ ಹಾಕಲಿಲ್ಲ. ಪಾಯಸಕ್ಕೆ ಗೋಡಂಬಿ ಹುಡುಕುತ್ತಿದ್ದೆ. ಮಗ ಮಾತ್ರ ಬೆಳಗ್ಗೆಯೇ ತನ್ನ ನಿಂಟೆಂಡೊ ಸ್ವಿಚ್ ಗೇಮ್ ಯಂತ್ರವನ್ನು ಶಾಲೆಯ ಚೀಲದಲ್ಲಿ ಬಚ್ಚಿಟ್ಟಿದ್ದ, ಜಾಣ. ಅತ್ತೆ ಅದಕ್ಕೂ ಕೈ ಚಾಚಿದರು. ಅವನು ಗೋಡಂಬಿ ಡಬ್ಬಿಯನ್ನೇ ತಂದು ಅವರ ಮುಂದಿಟ್ಟು ಚೌಕಾಸಿಗೆ ಕೂತ.